ಸಿಡಿಯೊಳಗೆ ಅಡಗಿದ ದುರ್ಯೋಧನ

ನಾಟಕದ ಹಳೆಯ ಡಿವಿಡಿಯಿಂದ ಬೇಕಾದ ತುಣುಕನ್ನು ತೆಗೆಯುವುದು ಹೇಗೆ ಎಂದು, ಮಂಡ್ಯದಲ್ಲಿ ಪೌರಾಣಿಕ ನಾಟಕದ ಗೆಳೆಯರು ಒಂದು ಭಾನುವಾರ ಕರೆದಿದ್ದ ಸಭೆಯಲ್ಲಿ ಆಡಿದ ಮಾತು ಇದು. ಅಂದು ಗೋಡೆಯ ಮೇಲಿನ ಪರದೆಯಲ್ಲಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾದ್ದರಿಂದ ಕೆಲವು ಕಡೆ ಹಿಗ್ಗಿದೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಅದರದರ ಜಾಗದಲ್ಲಿ ಸೇರಿಸಿದ್ದೇನೆ.

ಹಿರಿಯರಿಗೆಲ್ಲ ನಮಸ್ಕಾರ. ಮನೆಯಲ್ಲಿರುವ ನಾಟಕದ ಸಿಡಿಗಳನ್ನು ಹಿಡಿದುಕೊಂಡು ಬನ್ನಿ ಎಂದು ಹೇಳಿ ಕಳುಹಿಸಿದ್ದೆ. ತಂದಿದ್ದೀರಿ. ಎಣಿಸಿದರೆ ಮೇಜಿನ ಮೇಲೆ 31 ಇವೆ. ಅದರಲ್ಲಿ ನಿಜವಾದ ಸಿಡಿ ಆರೇ ಆರು, ಉಳಿದವೆಲ್ಲ ಡಿವಿಡಿ. ನಮ್ಮ ಕಡೆ ದುಂಡಗೆ ಹೊಳೆಯುವುದೆಲ್ಲ ಸಿಡಿಯೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಒಳಗಿನದನ್ನು ಹೊರಗೆ ತೆಗೆಯುವಾಗ ಎರಡಕ್ಕೂ ದಾರಿ ಬೇರೆ, ಆದ್ದರಿಂದ ಇವತ್ತಿನ ಮಟ್ಟಿಗೆ ಬಿಡಿಸಿ ಹೇಳುತ್ತೇನೆ. ಇದರಲ್ಲಿ ಒಂದರ ಹಿಂದೆ ಎರಡು ಬಗೆಯ ಮಸಿಯಲ್ಲಿ ‘ಅಪ್ಪ, ಭೀಮ’ ಎಂದು ಬರೆದಿದೆ. ಇನ್ನೊಂದರ ಮೇಲೆ ಯಾರೋ ಸಾಂಬಾರಿನ ಲೋಟ ಇಟ್ಟಿದ್ದಾರೆ. ಎರಡಕ್ಕೂ ಉಪಾಯ ಇದೆ.

ನಾನು ಈ ಕೆಲಸಕ್ಕೆ ಬಿದ್ದದ್ದು ನನ್ನ ಸೋದರಮಾವನಿಂದ. ಪಾಂಡವಪುರದ ಕಡೆಯ ರೈತರು ಅವರು. ವರ್ಷವಿಡೀ ಕಬ್ಬು, ಭತ್ತ. ಬೇಸಿಗೆ ಬಂದರೆ ದುರ್ಯೋಧನ. ನಿಮಗೆ ಗೊತ್ತಿರುವಂತೆ ನಮ್ಮ ಹಳ್ಳಿಗಳಲ್ಲಿ ಪಾತ್ರಧಾರಿಗೆ ಯಾರೂ ಸಂಭಾವನೆ ಕೊಡುವುದಿಲ್ಲ, ಪಾತ್ರಕ್ಕೆ ಅವನೇ ದುಡ್ಡು ಕಟ್ಟಬೇಕು. ಮಾವ ಒಂದು ವರ್ಷ ಎಮ್ಮೆ ಮಾರಿ ಕಟ್ಟಿದ್ದರು ಎಂದು ಅತ್ತೆ ಈಗಲೂ ಹೇಳುತ್ತಾರೆ. ಆ ವರ್ಷದ ನಾಟಕವನ್ನೇ ವಿಡಿಯೋ ಮಾಡಿಸಿದ್ದು. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವ ಮುಗಿದ ನಾಟಕ ಮೂರು ಡಿವಿಡಿಯಲ್ಲಿ ಬಂತು. ಮಾವ ತೀರಿಕೊಂಡ ಮೇಲೆ ವರ್ಷದ ತಿಥಿ ಹತ್ತಿರ ಬಂದಾಗ ಅವರ ಮಗಳು ಫೋನ್ ಮಾಡಿ, ‘ಭಾವ, ಅಪ್ಪ ಕೊಳದಿಂದ ಎದ್ದು ಬರುವ ಸೀನು ಒಂದು ನಾಲ್ಕು ನಿಮಿಷ ತೆಗೆದು ಕೊಡಿ, ನೆಂಟರಿಗೆಲ್ಲ ಕಳುಹಿಸಬೇಕು’ ಎಂದಳು. ವಿಡಿಯೋ ತೆಗೆದವರನ್ನು ಕೇಳಿದರೆ ಮೂಲ ಟೇಪಿನ ಮೇಲೆ ಬೇರೆ ಮದುವೆ ತೆಗೆದಾಗಿತ್ತು. ಉಳಿದದ್ದು ಈ ಮೂರು ತಟ್ಟೆ ಮಾತ್ರ.

ನಾಲ್ಕು ನಿಮಿಷ ತಾನೇ, ಅರ್ಧ ಗಂಟೆಯ ಕೆಲಸ ಎಂದುಕೊಂಡೆ. ಹನ್ನೊಂದು ದಿನ ಹಿಡಿಯಿತು.

ಮೊದಲ ದಿನವೇ ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಡಿವಿಡಿಯಿಂದ ತುಣುಕು ತೆಗೆಯುವ ತಂತ್ರಾಂಶ ಬಿಟ್ಟಿ ಸಿಗುತ್ತದೆಯೇ ಎಂದು ಹುಡುಕಿ, ಮೊದಲು ಕಂಡದ್ದನ್ನು ಇಳಿಸಿಕೊಂಡೆ. ಎರಡು ಗಂಟೆ ಗಿರಗಿರ ತಿರುಗಿ ಒಂದು ಫೈಲ್ ಕೊಟ್ಟಿತು. ತೆರೆದರೆ ಮಾವನ ಕಿರೀಟದಿಂದ ಮೀಸೆಯವರೆಗೆ ಅಡ್ಡಲಾಗಿ ಕಂಪನಿಯ ಹೆಸರು. ಅದನ್ನು ಅಳಿಸಬೇಕಾದರೆ ದುಡ್ಡು ಕಟ್ಟಬೇಕು. ದುರ್ಯೋಧನನ ಪಾತ್ರಕ್ಕೆ ಎರಡನೆಯ ಸಲ ದುಡ್ಡು ಕಟ್ಟುವ ಸರದಿ ನನ್ನದಾಯಿತು.

ಇಂಗ್ಲಿಷಿನಲ್ಲಿ ಪುಕ್ಕಟೆಗೂ ಸ್ವಾತಂತ್ರ್ಯಕ್ಕೂ ‘ಫ್ರೀ’ ಎಂಬ ಒಂದೇ ಮಾತು. ಆ ಗೊಂದಲ ನಮಗೆ ಬೇಕಿಲ್ಲ, ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಮಾತುಗಳಿವೆ. ಪುಕ್ಕಟೆ ತಂತ್ರಾಂಶ ಎಂದರೆ ಇವತ್ತು ಹಣ ಕೇಳದೆ ಇರುವುದು, ನಾಳೆ ಕೇಳಬಹುದು. ಸ್ವತಂತ್ರ ತಂತ್ರಾಂಶ ಎಂದರೆ ಅದರ ಮೂಲ ಬರವಣಿಗೆಯೇ ಬಯಲಲ್ಲಿ ಇರುವುದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆಯನ್ನು ಸಾರಿದಾಗ ಹಿಡಿದ ಹಟ ಇದೇ. ಇವತ್ತು ನಾನು ತೋರಿಸುವ ಸಲಕರಣೆಗಳೆಲ್ಲ ಈ ಎರಡನೆಯ ಜಾತಿಯವು: ವಿಡಿಯೋ ಓಡಿಸುವ ವಿಎಲ್‌ಸಿ, ಮೊಬೈಲಿಗೆ ಹೊಂದಿಸುವ ಹ್ಯಾಂಡ್‌ಬ್ರೇಕ್, ಕತ್ತರಿಸುವ ಅವಿಡೆಮಕ್ಸ್, ಕೆಟ್ಟ ತಟ್ಟೆ ಓದುವ ಡಿಡಿರೆಸ್ಕ್ಯೂ. ಇವು ಮುಖದ ಮೇಲೆ ಹೆಸರು ಬರೆಯುವುದಿಲ್ಲ, ಹದಿನೈದು ದಿನ ಕಳೆದ ಮೇಲೆ ಮುನಿಸಿಕೊಳ್ಳುವುದೂ ಇಲ್ಲ. ಆದರೆ ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಇದೇ ಹೆಸರಿಟ್ಟುಕೊಂಡು ಬೇರೆ ಸರಕು ತುಂಬಿ ಕೊಡುವ ಅಂಗಡಿಗಳು ಬೇಕಾದಷ್ಟಿವೆ.

ಈಗ ತಟ್ಟೆಯ ವಿಷಯ. ಅಂಗಡಿಯಲ್ಲಿ ಸಿನಿಮಾ ಎಂದು ಮಾರುವ ಡಿವಿಡಿ ಅಚ್ಚಿನಲ್ಲಿ ಒತ್ತಿದ್ದು, ಅದರ ಗುಳಿಗಳು ಗಟ್ಟಿ. ನಮ್ಮ ನಾಟಕದ ಡಿವಿಡಿ ಹಾಗಲ್ಲ. ಅದರ ಅಡಿಭಾಗವನ್ನು ಬೆಳಕಿಗೆ ಹಿಡಿದರೆ ನೇರಳೆ ಛಾಯೆ ಕಾಣುತ್ತದೆ. ಅದು ಒಂದು ಬಣ್ಣದ ಪದರ. ಲೇಸರ್‌ನಿಂದ ಆ ಬಣ್ಣವನ್ನು ಸುಟ್ಟು ಬರೆದಿರುತ್ತಾರೆ. ಬಣ್ಣ ಎಂದ ಮೇಲೆ ಬಿಸಿಲಿಗೆ ಮಾಸುತ್ತದೆ, ಸೆಕೆಗೆ ಕೆಡುತ್ತದೆ. ಟಿವಿಯ ಮೇಲೆ, ಕಿಟಕಿಯ ಪಕ್ಕ, ಶೀಟಿನ ಮನೆಯ ಅಟ್ಟದಲ್ಲಿ ಇಟ್ಟಿದ್ದರೆ ಗೀರು ಒಂದೂ ಇಲ್ಲದಿದ್ದರೂ ಓದದೆ ಹೋಗಬಹುದು. ಆದ್ದರಿಂದ ‘ಚೆನ್ನಾಗಿಯೇ ಇದೆ, ಮುಂದಿನ ವರ್ಷ ನೋಡೋಣ’ ಎನ್ನುವುದು ಬೇಡ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ನಿಮ್ಮಲ್ಲಿ ಎಷ್ಟು ಜನರ ನಾಟಕ ಕೊನೆಗೆ ಬಂದಾಗಲೇ ನಿಂತು ನಿಂತು ಓಡುತ್ತದೆ? ನೋಡಿ, ಅರ್ಧಕ್ಕರ್ಧ ಕೈಗಳು. ಗ್ರಾಮಫೋನ್ ತಟ್ಟೆ ಅಂಚಿನಿಂದ ಒಳಕ್ಕೆ ಓಡುತ್ತಿತ್ತು. ಡಿವಿಡಿ ಇದರ ತಿರುಗುಮುರುಗು, ನಡುವಿನ ತೂತಿನ ಬಳಿ ಆರಂಭಿಸಿ ಅಂಚಿನ ಕಡೆಗೆ ಬರೆಯುತ್ತಾ ಹೋಗುತ್ತದೆ. ನಾವು ಹಿಡಿಯುವುದು ಅಂಚನ್ನು. ಬೆರಳಿನ ಜಿಡ್ಡು, ಡಬ್ಬಿಯ ಉಜ್ಜಾಟ ಎಲ್ಲವೂ ಅಂಚಿಗೇ. ಅಂಚಿನಲ್ಲಿರುವುದು ತಟ್ಟೆಯ ಕೊನೆಯ ಭಾಗ. ಮೂರನೆಯ ತಟ್ಟೆಯ ಅಂಚಿನಲ್ಲಿರುವುದು ನಾಟಕದ ಕೊನೆಯ ಭಾಗ. ಕೊಳದೊಳಗೆ ಅಡಗಿದ್ದ ದುರ್ಯೋಧನ, ಭೀಮನ ಹಂಗಿಸುವ ಮಾತಿಗೆ ತಡೆಯಲಾರದೆ ಎದ್ದು ಬರುವುದು, ಗದಾಯುದ್ಧ, ತೊಡೆ ಮುರಿಯುವುದು ಎಲ್ಲವೂ ಅಲ್ಲಿಯೇ. ವೈಶಂಪಾಯನ ಸರೋವರದಲ್ಲಿ ಜಲಸ್ತಂಭನ ಮಾಡಿಕೊಂಡು ಕುಳಿತವನು ನಮ್ಮ ಮನೆಯಲ್ಲಿ ಜಿಡ್ಡಿನ ಕೆಳಗೆ ಕುಳಿತಿದ್ದ.

ಸಾಂಬಾರಿನ ತಟ್ಟೆ ತಂದವರು ಯಾರು? ಹೆದರಬೇಡಿ. ಮೆತ್ತನೆಯ ಹತ್ತಿ ಬಟ್ಟೆ, ತಣ್ಣೀರು, ಬೇಕಾದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ, ಮುದ್ದೆ ತಿರುವಿದ ಹಾಗೆ ಸುತ್ತಬೇಡಿ. ಬರಹ ಸುರುಳಿಯಾಗಿ ಸುತ್ತಿಕೊಂಡಿರುವುದರಿಂದ, ಸುತ್ತು ದಿಕ್ಕಿನಲ್ಲಿ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೂ ನುಂಗುತ್ತದೆ. ಅಡ್ಡ ಗೀರು ಒಂದೊಂದು ಸುತ್ತಿನಲ್ಲೂ ಚೂರೇ ಚೂರು ಕೆಡಿಸುತ್ತದೆ, ಅಷ್ಟನ್ನು ತುಂಬಿಕೊಳ್ಳುವ ಲೆಕ್ಕಾಚಾರ ತಟ್ಟೆಯಲ್ಲೇ ಬರೆದಿರುತ್ತದೆ. ಇನ್ನು ‘ಅಪ್ಪ, ಭೀಮ’ ಎಂದು ಬರೆದವರಿಗೆ: ಡಿವಿಡಿಯಲ್ಲಿ ಮಾಹಿತಿಯ ಪದರ ಎರಡು ತೆಳು ತಟ್ಟೆಗಳ ನಡುವೆ ಅಂಟಿಸಿದಂತೆ ಇರುತ್ತದೆ, ಬರೆದದ್ದರಿಂದ ಅಷ್ಟು ಅಪಾಯವಿಲ್ಲ. ಸಿಡಿಯಲ್ಲಿ ಮಾತ್ರ ಅದು ಹೆಸರು ಬರೆಯುವ ಮೇಲ್ಭಾಗದ ಕೆಳಗೇ ಇರುತ್ತದೆ. ಅಲ್ಲಿ ಬಾಲ್ ಪೆನ್ ಒತ್ತಿದರೆ ಪದ್ಯದ ಮೇಲೇ ಒತ್ತಿದ ಹಾಗೆ.

ಇನ್ನು ಈ ದಿನದ ಮುಖ್ಯ ಮಾತು. ತುಣುಕು ಬೇಕೆಂದು ತಟ್ಟೆಯನ್ನು ಹಾಕಿ ನೇರವಾಗಿ ತುಣುಕು ಕತ್ತರಿಸಲು ಹೋಗಬೇಡಿ. ಮೊದಲು ಇಡೀ ತಟ್ಟೆಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕತ್ತರಿ ಆಮೇಲೆ. ಏಕೆಂದರೆ ಹಳೆಯ ತಟ್ಟೆ ಇನ್ನೆಷ್ಟು ಸಲ ಓದಿಸಿಕೊಳ್ಳುತ್ತದೆ ಎಂಬುದು ಯಾರಿಗೂ ತಿಳಿಯದು. ಸೀನು ಹುಡುಕುತ್ತಾ ಹಿಂದಕ್ಕೆ ಮುಂದಕ್ಕೆ ಎಳೆದಾಡಿ ನಾನೇ ಮೂರನೆಯ ತಟ್ಟೆಯನ್ನು ಮತ್ತಷ್ಟು ಸತಾಯಿಸಿದೆ.

ಚೆನ್ನಾಗಿರುವ ತಟ್ಟೆಯಾದರೆ ಕಷ್ಟವಿಲ್ಲ. ಒಂದು ಪದರದ ಡಿವಿಡಿ ಹಿಡಿಸುವುದು 4.7 ಜಿಬಿ. ಎಂಟರ (8x) ವೇಗದಲ್ಲಿ ಓದಿದರೆ ಏಳೆಂಟು ನಿಮಿಷದಲ್ಲಿ ಇಡೀ ತಟ್ಟೆ ಒಂದೇ ಐಎಸ್‌ಒ ಫೈಲ್ ಆಗಿ ಕೈಗೆ ಬರುತ್ತದೆ. ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಸ್ವತಂತ್ರ ತಂತ್ರಾಂಶ ಲಿನಕ್ಸ್. ಅದರಲ್ಲಿ ಕೆ3ಬಿ, ಬ್ರಸೆರೊ ಇಂಥ ಯಾವುದಾದರೂ ಸಾಕು. ಕೆಟ್ಟ ತಟ್ಟೆಗೆ ಬೇಕಾದದ್ದು ಗ್ನೂ ಡಿಡಿರೆಸ್ಕ್ಯೂ. ಇದರ ಬುದ್ಧಿವಂತಿಕೆಯನ್ನು ಸ್ವಲ್ಪ ವಿವರಿಸಲೇಬೇಕು, ನನಗೆ ಇದರ ಮೇಲೆ ಪ್ರೀತಿ.

ಸಾಮಾನ್ಯ ಕಾಪಿ ಮಾಡುವಾಗ ಕಂಪ್ಯೂಟರ್ ಕೆಟ್ಟ ಜಾಗ ಸಿಕ್ಕಿತೆಂದರೆ ಅಲ್ಲೇ ಕುಕ್ಕರಿಸುತ್ತದೆ. ಮತ್ತೆ ಮತ್ತೆ ತಿಣುಕಿ, ಕೊನೆಗೆ ಆಗುವುದಿಲ್ಲ ಎಂದು ಎಲ್ಲವನ್ನೂ ಕೈಬಿಡುತ್ತದೆ. ಡಿಡಿರೆಸ್ಕ್ಯೂ ಹಾಗೆ ಮಾಡುವುದಿಲ್ಲ. ಗದ್ದೆ ಕೊಯ್ಯುವಾಗ ಒಂದು ಕಡೆ ಕೆಸರು ಸಿಕ್ಕರೆ ಅದನ್ನು ಬಿಟ್ಟು ಉಳಿದದ್ದನ್ನು ಮೊದಲು ಕೊಯ್ದುಕೊಳ್ಳುತ್ತೇವಲ್ಲ, ಹಾಗೆ. ಕೆಟ್ಟ ಜಾಗವನ್ನು ಹಾರಿ ಮುಂದೆ ಹೋಗಿ, ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಎಲ್ಲೆಲ್ಲಿ ಬಿಟ್ಟೆ ಎಂಬುದನ್ನು ಒಂದು ನಕ್ಷೆಯ ಫೈಲಿನಲ್ಲಿ ಬರೆದಿಟ್ಟುಕೊಂಡು, ಆಮೇಲೆ ತಿರುಗಿ ಬಂದು ಆ ಜಾಗಗಳನ್ನು ಚೂರು ಚೂರಾಗಿ ಕೆರೆಯುತ್ತದೆ. ನಡುವೆ ಕರೆಂಟ್ ಹೋದರೂ ಚಿಂತೆಯಿಲ್ಲ, ನಕ್ಷೆ ನೋಡಿಕೊಂಡು ಬಿಟ್ಟಲ್ಲಿಂದ ಶುರುಮಾಡುತ್ತದೆ. ಮಂಡ್ಯದವರಿಗೆ ಈ ಗುಣವೊಂದೇ ಸಾಕು.

ಇನ್ನೂ ಒಂದಿದೆ. ಅದೇ ನಕ್ಷೆಯನ್ನು ಇಟ್ಟುಕೊಂಡು ತಟ್ಟೆಯನ್ನು ಬೇರೊಂದು ಡ್ರೈವಿಗೆ ಹಾಕಬಹುದು. ಎಲ್ಲ ಡ್ರೈವುಗಳ ಕಣ್ಣೂ ಒಂದೇ ಅಲ್ಲ. ಒಂದು ಓದಲಾರದ್ದನ್ನು ಇನ್ನೊಂದು ಓದುತ್ತದೆ. ನನ್ನ ಲ್ಯಾಪ್‌ಟಾಪಿನ ಹೊರ ಡ್ರೈವ್ ಎರಡು ರಾತ್ರಿ ಕೆರೆದು ಸೋತ ಜಾಗವನ್ನು, ಮೈಸೂರಿನಲ್ಲಿ ಗುಜರಿಗೆ ಹೋಗಲಿದ್ದ ಹಳೆಯ ಡೆಸ್ಕ್‌ಟಾಪಿನಿಂದ ಕಳಚಿ ತಂದ ಡ್ರೈವ್ ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಿತು. ಕೊನೆಗೂ ಸಿಗದೆ ಉಳಿದದ್ದು 200ರಷ್ಟು ಸೆಕ್ಟರುಗಳು. ಸೆಕ್ಟರ್ ಎಂದರೆ ತಟ್ಟೆಯ ಬರಹದ ಒಂದು ಚಿಕ್ಕ ತುಂಡು, 2048 ಬೈಟ್. ಒಟ್ಟು 400 ಕೆಬಿ ಎಂದುಕೊಳ್ಳಿ. ಮೂರು ಗಂಟೆಯ ನಾಟಕವನ್ನು ಒಂದು ತಟ್ಟೆಗೆ ತುರುಕಿದರೆ ಸೆಕೆಂಡಿಗೆ ಸುಮಾರು ಮೂರೂವರೆ ಮೆಗಾಬಿಟ್ ಪಾಲು ಸಿಗುತ್ತದೆ. ಆ ಲೆಕ್ಕದಲ್ಲಿ ಕಳೆದುಹೋದದ್ದು ಒಂದು ಸೆಕೆಂಡಿನಷ್ಟು ಚಿತ್ರ. ಅದು ಶಕುನಿಯ ಪಾಲಿನದು, ನಮಗೆ ಅಷ್ಟು ದುಃಖವಾಗಲಿಲ್ಲ. ಕಮಾಂಡ್‌ಗಳನ್ನು ಹೇಗೆ ಬರೆಯಬೇಕು ಎಂಬುದನ್ನು ನಿಮಗೆ ಹಂಚಿದ ಹಾಳೆಯಲ್ಲಿ ಹಾಕಿದ್ದೇನೆ. ವಿಂಡೋಸ್ ಇರುವವರು ಪೆನ್‌ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿಕೊಂಡು ಈ ಒಂದು ಕೆಲಸವನ್ನು ಮುಗಿಸಬಹುದು, ನಿಮ್ಮ ವಿಂಡೋಸ್ ಅಳಿಸಿಹೋಗುವುದಿಲ್ಲ.

ಐಎಸ್‌ಒ ಫೈಲ್ ತೆರೆದು ನೋಡೋಣ. ಒಳಗೆ ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್ ಇದೆ. ಅದರಲ್ಲಿ ಮೂರು ಜಾತಿಯ ಫೈಲುಗಳು. ವಿಒಬಿ ಎಂಬುದರಲ್ಲಿ ನಾಟಕ ಇದೆ. ಐಎಫ್‌ಒ ಎಂಬುದು ಯಾವುದು ಎಲ್ಲಿದೆ ಎಂಬ ಪಟ್ಟಿ. ಬಿಯುಪಿ ಆ ಪಟ್ಟಿಯದೇ ಇನ್ನೊಂದು ಪ್ರತಿ, ಮೊದಲನೆಯದು ಕೆಟ್ಟರೆ ಇರಲಿ ಎಂದು. ವಿಒಬಿ ಫೈಲುಗಳು 1 ಜಿಬಿಗಿಂತ ದೊಡ್ಡದಾಗುವ ಹಾಗಿಲ್ಲ, ಆದ್ದರಿಂದ ಒಂದೇ ನಾಟಕ ನಾಲ್ಕೈದು ತುಂಡಾಗಿರುತ್ತದೆ. ತುಂಡಾದದ್ದು ಅಳತೆಗೆ, ಸೀನಿಗಲ್ಲ. ಪದ್ಯದ ಎರಡನೆಯ ಸಾಲಿನಲ್ಲಿ ಒಂದು ಫೈಲ್ ಮುಗಿದು ಮೂರನೆಯ ಸಾಲಿಗೆ ಇನ್ನೊಂದು ಶುರುವಾಗಬಹುದು. ಒಂದನ್ನೇ ಎತ್ತಿಕೊಂಡು ಪದ್ಯ ಅರ್ಧಕ್ಕೆ ನಿಂತಿತು ಎಂದು ಗಾಬರಿಯಾಗಬೇಡಿ.

ಆ ಆರು ನಿಜವಾದ ಸಿಡಿಗಳಲ್ಲಿ ಇರುವುದು ವಿಸಿಡಿ, ಅಂದರೆ ಸಿಡಿಗೆ ತುಂಬಿದ ವಿಡಿಯೋ. ಅದರಲ್ಲಿ ‘ಎಂಪೆಗ್ ಎವಿ’ ಎಂಬ ಫೋಲ್ಡರಿನೊಳಗೆ ‘ಡಿಎಟಿ’ (.DAT) ಎಂದು ಕೊನೆಯಾಗುವ ದೊಡ್ಡ ಫೈಲ್ ಇರುತ್ತದೆ. ವಿಎಲ್‌ಸಿಗೆ ಕೊಟ್ಟರೆ ಓಡುತ್ತದೆ. ಚಿತ್ರ 352 ಚುಕ್ಕೆ ಅಗಲ, 288 ಎತ್ತರ, ಅಷ್ಟೇ. ಅದನ್ನು ಎಷ್ಟು ತಿಕ್ಕಿದರೂ ಮುಖ ಸ್ಪಷ್ಟವಾಗುವುದಿಲ್ಲ, ಹಾಡು ಚೆನ್ನಾಗಿ ಕೇಳುತ್ತದೆ. ಅದಕ್ಕೆ ಇಷ್ಟು ಸಾಕು.

ಕತ್ತರಿಸುವ ಕೆಲಸಕ್ಕೆ ಬರೋಣ. ಅವಸರದಲ್ಲಿ ಇರುವವರು ವಿಎಲ್‌ಸಿಯಲ್ಲಿ ನಾಟಕ ಓಡಿಸಿ, ಮೆನುವಿನಲ್ಲಿ ಹೆಚ್ಚಿನ ಗುಂಡಿಗಳನ್ನು ತೋರಿಸು ಎಂದು ಹೇಳಿ, ಬೇಕಾದ ಜಾಗದಲ್ಲಿ ಕೆಂಪು ಗುಂಡಿ ಒತ್ತಿ, ಸಾಕಾದಾಗ ಮತ್ತೆ ಒತ್ತಬಹುದು. ತುಣುಕು ವಿಡಿಯೋ ಫೋಲ್ಡರಿನಲ್ಲಿ ಬಂದು ಕುಳಿತಿರುತ್ತದೆ. ಮದುವೆಯ ಊಟದ ಸಾಲು ತೆಗೆಯಲು ಇದು ಸರಿ. ಪದ್ಯಕ್ಕೆ ಇದು ಸಾಲದು.

ಪದ್ಯಕ್ಕೆ ನಾನು ಅವಿಡೆಮಕ್ಸ್ ಬಳಸುತ್ತೇನೆ. ಮೊದಲ ವಿಒಬಿ ಫೈಲನ್ನು ಕೊಟ್ಟರೆ, ಇದರ ಮುಂದಿನ ತುಂಡುಗಳೂ ಇವೆ, ಸೇರಿಸಲೇ ಎಂದು ಅದೇ ಕೇಳುತ್ತದೆ. ಹೌದು ಎನ್ನಿ. ಆಮೇಲೆ ಬೇಕಾದ ಜಾಗದ ಆರಂಭಕ್ಕೆ ಎ, ಕೊನೆಗೆ ಬಿ ಎಂದು ಗುರುತು ಹಾಕಿ ಉಳಿಸಿ. ಚಿತ್ರ, ಧ್ವನಿ ಎರಡಕ್ಕೂ ‘ಕಾಪಿ’ ಎಂಬುದು ಆಯ್ಕೆಯಾಗಿರಬೇಕು. ಹಾಗೆಂದರೆ ಬಟ್ಟೆಯನ್ನು ಕತ್ತರಿಸಿದ ಹಾಗೆ, ಮತ್ತೆ ನೂತು ನೇಯ್ದ ಹಾಗಲ್ಲ. ತಟ್ಟೆಯಲ್ಲಿ ಎಷ್ಟು ಗುಣ ಇತ್ತೋ ಅಷ್ಟೂ ತುಣುಕಿನಲ್ಲಿ ಇರುತ್ತದೆ. ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ.

ಇದಕ್ಕೆ ಒಂದು ಕಟ್ಟಳೆ ಇದೆ. ಎಲ್ಲಿ ಬೇಕಾದರಲ್ಲಿ ಕತ್ತರಿ ಆಡುವುದಿಲ್ಲ. ಡಿವಿಡಿಯಲ್ಲಿ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಬರೆದಿರುವುದಿಲ್ಲ, ಬರೆದರೆ ಜಾಗ ಸಾಲದು. ಒಂದು ಚಿತ್ರವನ್ನು ಪೂರ್ತಿ ಬರೆದು, ಮುಂದಿನ ಹತ್ತು ಹನ್ನೊಂದರಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಗುರುತು ಹಾಕಿಕೊಂಡು, ಮತ್ತೆ ಒಂದನ್ನು ಪೂರ್ತಿ ಬರೆಯುತ್ತಾರೆ. ಪೂರ್ತಿ ಚಿತ್ರ ಇರುವಲ್ಲಿ ಮಾತ್ರ ತುಣುಕು ಆರಂಭವಾಗಬಲ್ಲದು. ಅವಿಡೆಮಕ್ಸ್‌ನಲ್ಲಿ ಮೇಲೆ ಕೆಳಗೆ ಬಾಣದ ಕೀಲಿಗಳನ್ನು ಒತ್ತಿದರೆ ಅಂಥ ಪೂರ್ತಿ ಚಿತ್ರದಿಂದ ಪೂರ್ತಿ ಚಿತ್ರಕ್ಕೇ ಜಿಗಿಯುತ್ತದೆ. ನಮ್ಮ ದೇಶದ ಡಿವಿಡಿಯಲ್ಲಿ ಸೆಕೆಂಡಿಗೆ 25 ಚಿತ್ರ. ಆದ್ದರಿಂದ ನೀವು ಬಯಸಿದ ಕ್ಷಣಕ್ಕೂ ಕತ್ತರಿ ಬೀಳುವ ಕ್ಷಣಕ್ಕೂ ಹೆಚ್ಚೆಂದರೆ ಅರ್ಧ ಸೆಕೆಂಡು, ಸ್ವಲ್ಪ ಮೇಲೆ. ಪದ್ಯಕ್ಕೆ ಮುಂಚೆ ಹಾರ್ಮೋನಿಯಂ ಸ್ವರ ಕೊಡುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಿಂದಕ್ಕೆ ಸರಿದು ಸ್ವರದಿಂದಲೇ ಆರಂಭಿಸಿ. ಸ್ವರವಿಲ್ಲದೆ ನೇರವಾಗಿ ಪದ್ಯದ ಮೊದಲ ಅಕ್ಷರದಿಂದ ಶುರುವಾಗುವ ತುಣುಕುಗಳನ್ನು ಕೇಳಿದರೆ, ಬಾಗಿಲು ತಟ್ಟದೆ ಒಳಗೆ ನುಗ್ಗಿದವರನ್ನು ಕಂಡ ಹಾಗಾಗುತ್ತದೆ ನನಗೆ.

ಈ ತುಣುಕನ್ನು ಹಾಗೆಯೇ ಜೋಪಾನ ಮಾಡಿ. ಇದು ಬೀಜದ ಭತ್ತ. ಊಟಕ್ಕೆ ಬೇರೆ ಮಾಡಿಕೊಳ್ಳೋಣ.

ಏಕೆಂದರೆ ಇದನ್ನು ಹಾಗೇ ಮೊಬೈಲಿಗೆ ಕಳುಹಿಸಿದರೆ ಎರಡು ತೊಂದರೆ. ಒಂದು, ತೂಕ. ಸೆಕೆಂಡಿಗೆ ಐದು ಮೆಗಾಬಿಟ್‌ನ ನಾಲ್ಕು ನಿಮಿಷದ ತುಣುಕು 150 ಎಂಬಿ ತೂಗುತ್ತದೆ. ಇನ್ನೊಂದನ್ನು ತೋರಿಸುತ್ತೇನೆ, ಗದಾಯುದ್ಧದ ಈ ಚಿತ್ರವನ್ನು ನಿಲ್ಲಿಸುತ್ತೇನೆ, ನೋಡಿ. ಗದೆಯ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳು ಕಾಣುತ್ತಿವೆಯೇ? ಗದೆ ಸವೆದದ್ದಲ್ಲ. ಹಳೆಯ ಟಿವಿಗಾಗಿ ತೆಗೆದ ಚಿತ್ರ ಇದು. ಒಂದು ಚಿತ್ರದ 576 ಗೆರೆಗಳಲ್ಲಿ ಬೆಸ ಗೆರೆಗಳನ್ನು ಒಮ್ಮೆ, ಸಮ ಗೆರೆಗಳನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗ ಕಳೆದ ಮೇಲೆ ಇನ್ನೊಮ್ಮೆ ಹಿಡಿದಿದ್ದಾರೆ. ಆ ನಡುವೆ ಗದೆ ಒಂದು ಗೇಣು ಮುಂದೆ ಹೋಗಿದೆ. ಡಬ್ಬಿಯ ಟಿವಿ ಅವನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು, ಕಣ್ಣಿಗೆ ನುಣುಪಾಗಿತ್ತು. ಮೊಬೈಲ್ ಎರಡನ್ನೂ ಒಟ್ಟಿಗೆ ಹಾಕುತ್ತದೆ, ಆದ್ದರಿಂದ ಗರಗಸ.

ಇದನ್ನು ಬಿಡಿಸುವುದಕ್ಕೆ ಹ್ಯಾಂಡ್‌ಬ್ರೇಕ್ ಬಳಸಿ. ಫಿಲ್ಟರುಗಳ ಪುಟದಲ್ಲಿ ‘ಡಿಇಂಟರ್‌ಲೇಸ್’ ಎಂದಿದೆ. ಅಲ್ಲಿ ಸಾಮಾನ್ಯ ಬಗೆಯನ್ನು ಆರಿಸಿದರೆ ಬೆಸ, ಸಮ ಎರಡೂ ಸೇರಿ 25 ಚಿತ್ರ ಬರುತ್ತದೆ. ‘ಬಾಬ್’ ಎಂಬುದನ್ನು ಆರಿಸಿದರೆ ಎರಡನ್ನೂ ಬಿಡಿಬಿಡಿ ಚಿತ್ರ ಮಾಡಿ ಸೆಕೆಂಡಿಗೆ 50 ಕೊಡುತ್ತದೆ. ರಾಜಸಭೆಯ ಸೀನಿಗೆ 25 ಸಾಕು, ಎಲ್ಲರೂ ನಿಂತೇ ಇರುತ್ತಾರೆ. ಗದಾಯುದ್ಧಕ್ಕೂ ಕುಣಿತಕ್ಕೂ 50 ಮಾಡಿ, ವ್ಯತ್ಯಾಸ ಕಣ್ಣಿಗೇ ತಿಳಿಯುತ್ತದೆ. ಯೂಟ್ಯೂಬಿಗೆ ಹಾಕುವವರು ಇನ್ನೊಂದು ಕೆಲಸ ಮಾಡಬೇಕು: ಚಿತ್ರದ ಎತ್ತರವನ್ನು 720ಕ್ಕೆ ಹಿಗ್ಗಿಸಬೇಕು. ಅದಕ್ಕಿಂತ ಕಡಿಮೆ ಎತ್ತರದ ಚಿತ್ರಕ್ಕೆ ಯೂಟ್ಯೂಬ್ 50ರ ಓಟವನ್ನು ಕೊಡುವುದಿಲ್ಲ. ಹಿಗ್ಗಿಸಿದ್ದರಿಂದ ಹೊಸ ವಿವರವೇನೂ ಹುಟ್ಟುವುದಿಲ್ಲ, ಗದೆ ಮಾತ್ರ ನುಣುಪಾಗಿ ತಿರುಗುತ್ತದೆ.

ದುರ್ಯೋಧನ ದಪ್ಪಗೆ, ಕುಳ್ಳಗೆ ಕಾಣುತ್ತಾನೆ ಎಂದು ಹಿಂದಿನ ಸಾಲಿನವರು ಕೇಳಿದರು. ಒಳ್ಳೆಯ ಪ್ರಶ್ನೆ. ಡಿವಿಡಿಯ ಚಿತ್ರ 720 ಚುಕ್ಕೆ ಅಗಲ, 576 ಎತ್ತರ. ಆದರೆ ಅದರ ಚುಕ್ಕೆಗಳು ಚೌಕವಲ್ಲ. ನಾಲ್ಕಕ್ಕೆ ಮೂರರ ಹಳೆಯ ಟಿವಿ ಅಳತೆಯಲ್ಲಿ ತೆಗೆದದ್ದಾದರೆ ಅದು 768ಕ್ಕೆ 576 ಆಗಿ ಕಾಣಬೇಕು. 720ರ ಎತ್ತರಕ್ಕೆ ಹಿಗ್ಗಿಸಿದರೆ ಅಗಲ 960. ಯಾರೋ ಅದನ್ನು ಈಗಿನ ಅಗಲ ಟಿವಿಗೆ ತುಂಬುವ ಹಾಗೆ ಎಳೆದಿದ್ದಾರೆ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ ಬಿಡಿ. ಹಾಗೆಯೇ ಮೊಬೈಲಿಗೆ ಉದ್ದವಾಗಿ ಕಾಣಲಿ ಎಂದು ಎರಡೂ ಬದಿ ಕತ್ತರಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಬದಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು ಕುಳಿತಿರುತ್ತಾರೆ. ಇಡೀ ನಾಟಕವನ್ನು ಕಲಿಸಿದವರನ್ನೇ ಕತ್ತರಿಸಿ ಬಿಸಾಡಿದ ಹಾಗೆ.

ಹ್ಯಾಂಡ್‌ಬ್ರೇಕಿನ ಉಳಿದ ಗುಂಡಿಗಳನ್ನು ಹೆಚ್ಚು ಮುಟ್ಟಬೇಕಿಲ್ಲ. ಫೈಲ್ ಎಂಪಿ4, ಒಳಗೆ ಚಿತ್ರವನ್ನು ಹಿಂಡುವ ಬಗೆ ಎಚ್.264, ಗುಣದ ಸಂಖ್ಯೆ 20ರ ಆಸುಪಾಸು. ಸಂಖ್ಯೆ ಕಡಿಮೆಯಾದಷ್ಟೂ ಗುಣ ಹೆಚ್ಚು, ತೂಕವೂ ಹೆಚ್ಚು. ‘ವೆಬ್ ಆಪ್ಟಿಮೈಸ್ಡ್’ ಎಂಬ ಚೌಕಕ್ಕೆ ಗುರುತು ಹಾಕಿ. ಫೈಲಿನ ವಿಷಯಸೂಚಿ ಕೊನೆಯಲ್ಲಿರುವುದನ್ನು ಮೊದಲಿಗೆ ತರುತ್ತದೆ, ನೋಡುವವರು ಪೂರ್ತಿ ಇಳಿಯುವವರೆಗೆ ಕಾಯಬೇಕಿಲ್ಲ. ವಾಟ್ಸ್ಆ್ಯಪಿನಲ್ಲಿ ವಿಡಿಯೋ ಎಂದು ಕಳುಹಿಸಿದರೆ ಅದು ತನ್ನ ಪಾಡಿಗೆ ಮತ್ತೊಮ್ಮೆ ಹಿಂಡುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಧ್ವನಿ ಒಂದೇ ಕಿವಿಯಲ್ಲಿ ಕೇಳಿದರೆ, ಅದು ನಮ್ಮ ವಿಡಿಯೋದವರ ಹಳೆಯ ಅಭ್ಯಾಸ, ಒಂದು ವಯರು ಮೈಕ್ ಸೆಟ್ಟಿನಿಂದ, ಇನ್ನೊಂದು ಖಾಲಿ. ‘ಮೋನೋ’ ಆರಿಸಿದರೆ ಎರಡೂ ಕಿವಿಗೆ ಬರುತ್ತದೆ.

ಕಾನೂನಿನ ವಿಷಯ ಕೇಳಿದರು. ನಾನು ವಕೀಲನಲ್ಲ, ಓದಿಕೊಂಡಷ್ಟು ಹೇಳುತ್ತೇನೆ. ಅಂಗಡಿಯ ಸಿನಿಮಾ ಡಿವಿಡಿಗೆ ಬಹುತೇಕ ನಕಲು ತಡೆಯುವ ಬೀಗ ಹಾಕಿರುತ್ತಾರೆ. ಆ ಬೀಗದ ಗುಟ್ಟು 1999ರಲ್ಲೇ ಒಡೆಯಿತು, ಅದರ ಹಿಂದೆ ನಾರ್ವೆಯ ಒಬ್ಬ ಹುಡುಗನ ಮೇಲೆ ಮೊಕದ್ದಮೆಯೇ ನಡೆದು ಅವನು ಖುಲಾಸೆಯಾದ. ಆದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಎಂಬ ಕಲಮು ಸೇರಿದೆ. ಕೃತಿಸ್ವಾಮ್ಯವನ್ನು ಮುರಿಯುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಅದೇ ಕಾಯ್ದೆಯಲ್ಲಿ ವಿಮರ್ಶೆಗೆ, ಸ್ವಂತ ಅಧ್ಯಯನಕ್ಕೆ ನ್ಯಾಯವಾದ ಬಳಕೆಯ ಅವಕಾಶವೂ ಇದೆ. ಹ್ಯಾಂಡ್‌ಬ್ರೇಕ್ ತಾನಾಗಿ ಬೀಗ ತೆಗೆಯುವುದಿಲ್ಲ. ನಮ್ಮ ನಾಟಕದ ತಟ್ಟೆಗೆ ಬೀಗವೇ ಇಲ್ಲ, ಆ ತಲೆನೋವು ನಮಗಿಲ್ಲ.

ಹಾಗಾದರೆ ನಾಟಕದ ವಿಡಿಯೋ ಯಾರದು, ತೆಗೆದವರದೋ ಆಡಿದವರದೋ? ಹದಿನೇಳನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಮಾಡಿಸಿಕೊಂಡ ವಿಡಿಯೋದ ಮೊದಲ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿಕೊಂಡವರದು. ಅಂದರೆ ಹಣ ಕೊಟ್ಟ ತಂಡದ್ದು. ಪಾತ್ರಧಾರಿಗಳಿಗೂ ತಮ್ಮ ಅಭಿನಯದ ಮೇಲೆ 50 ವರ್ಷದ ಹಕ್ಕಿದೆ. ಕಾನೂನು ಏನೇ ಇರಲಿ, ಕೃಷ್ಣನ ಪಾತ್ರ ಮಾಡಿದವರ ಮನೆಗೆ ಒಂದು ಫೋನ್ ಮಾಡಿ ಕೇಳಿ ಹಾಕುವುದು ಲಕ್ಷಣ. ಇನ್ನು ಯೂಟ್ಯೂಬಿನಲ್ಲಿ ನಾಟಕಕ್ಕೆ ಕೃತಿಸ್ವಾಮ್ಯದ ನೋಟಿಸ್ ಬಂತು ಎಂದವರು ಮುಂದಿನ ಸಾಲಿನಲ್ಲೇ ಇದ್ದಾರೆ. ನೆನಪಿಸಿಕೊಳ್ಳಿ, ಸೀನು ಬದಲಾಯಿಸುವಾಗ ಬೇಸರ ಕಳೆಯಲು ಮೈಕಿನಲ್ಲಿ ಸಿನಿಮಾ ಹಾಡು ಹಾಕಿದ್ದಿರಿ. ಯಂತ್ರ ಹಿಡಿದದ್ದು ಅದನ್ನು, ನಿಮ್ಮ ಅರ್ಜುನನನ್ನಲ್ಲ.

ಮಾವನ ತುಣುಕು ಏನಾಯಿತು ಎಂದು ಚಹಾ ಸಮಯದಲ್ಲಿ ಇಬ್ಬರು ಕೇಳಿದರು. ಕೊಳದಿಂದ ಎದ್ದು ಬಂದವರು ಪದ್ಯದ ಮೂರನೆಯ ಸಾಲು ಮರೆತುಬಿಟ್ಟಿದ್ದಾರೆ. ಗದೆ ಊರಿಕೊಂಡು, ರೋಷದಿಂದ ಮಾತು ಹೊರಡದವನ ಹಾಗೆ ಭೀಮನನ್ನೇ ದುರುಗುಟ್ಟಿ ನೋಡುತ್ತಾ ನಿಂತಿದ್ದಾರೆ. ಮೇಷ್ಟ್ರು ಅದೇ ಸ್ವರವನ್ನು ಮೂರು ಸಲ ಸುತ್ತಿ, ತಲೆ ತಗ್ಗಿಸಿಕೊಂಡೇ ಸಾಲನ್ನು ಹೇಳಿಕೊಡುವುದು ಕೇಳುತ್ತದೆ. ಒಟ್ಟು ಏಳು ಸೆಕೆಂಡು. ಮಾವನ ಮಗಳು, ‘ಭಾವ, ಆ ಏಳು ಸೆಕೆಂಡು ತೆಗೆದುಬಿಡಿ’ ಎಂದಳು. ತೆಗೆದು ಹೊಲಿಗೆ ಹಾಕಬೇಕಾದರೆ ಆ ಜಾಗದ ಚಿತ್ರವನ್ನು ಹೊಸದಾಗಿ ನೇಯಬೇಕು, ತಾಳವೂ ತಪ್ಪುತ್ತದೆ ಎಂದು ನಾನು ತಂತ್ರದ ಕಾರಣ ಹೇಳುತ್ತಿದ್ದೆ. ಅಡುಗೆ ಮನೆಯಿಂದ ಅತ್ತೆ, ‘ಮೂವತ್ತು ವರ್ಷ ಪಾತ್ರ ಮಾಡಿದರು, ಸಾಲು ಮರೆಯದ ನಾಟಕ ಒಂದೂ ಇಲ್ಲ. ಅದನ್ನು ತೆಗೆದರೆ ಅವರ ಹಾಗೆ ಕಾಣುವುದಿಲ್ಲ’ ಎಂದರು.

ಹಾಗಾಗಿ ಇದೆ. ಅರ್ಧ ಸೆಕೆಂಡು ಮುಂಚೆ ಕತ್ತರಿಸಿದ್ದರಿಂದ ಆರಂಭದಲ್ಲಿ ಪರದೆ ಎಳೆಯುವವನ ಕೈಯೂ ಬಂದಿದೆ. ಕಿಟಕಿ ಮುಚ್ಚಿ, ಹಾಕುತ್ತೇನೆ.